ಷಡ್ಡಕನ ಸರ್ವಿಸ್ ದುಡ್ಡು

ಈಶ್ವರಪ್ಪನಿಗೆ ತನ್ನ ಷಡ್ಡಕ ತಿಪ್ಪೇಸ್ವಾಮಿಯ ಮೇಲೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಒಂದು ಕಂಬಳಿಯಿಂದ. ಶಾರ್ಜಾದಿಂದ ಬಂದ ಕಂಬಳಿ. ಕೆಂಪು ಬಣ್ಣ, ನಡುವೆ ಬಾಯಿ ತೆರೆದ ಹುಲಿ, ಎತ್ತಲು ಹೋದರೆ ಎಳೆಗರುವಿನಷ್ಟು ಭಾರ. ಹೆಂಡತಿ ರತ್ನಮ್ಮ ಅದನ್ನು ಮಂಚದ ಮೇಲೆ ಹಾಸಿ, ಬಂದ ನೆರೆಯವರಿಗೆಲ್ಲ ಮುಟ್ಟಿಸಿ, ನಮ್ಮ ನಾಗವೇಣಿಯ ಯಜಮಾನರು ತಂದದ್ದು ಎಂದು ಹೇಳುತ್ತಿದ್ದಳು. ನಾಗವೇಣಿ ಅವಳ ಬೆನ್ನಿಗೆ ಹುಟ್ಟಿದ ತಂಗಿ, ತಿಪ್ಪೇಸ್ವಾಮಿಯ ಹೆಂಡತಿ. ಈಶ್ವರಪ್ಪ ಮಾತ್ರ ಆ ಹುಲಿಯನ್ನು ಮುಟ್ಟಲಿಲ್ಲ. ದೆಹಲಿಯ ಚಳಿ ಮೂಳೆಗೆ ಇಳಿದರೂ ಹತ್ತಿ ಗಂಟುಗಟ್ಟಿದ ಹಳೆಯ ರಜಾಯಿಯನ್ನೇ ಹೊದ್ದು, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗುತ್ತಿದ್ದ.

ಈ ಕಿಚ್ಚಿಗೆ ಕಾರಣ ಇಲ್ಲದೆ ಇರಲಿಲ್ಲ. ತಿಪ್ಪೇಸ್ವಾಮಿಯನ್ನು ದೆಹಲಿಗೆ ಕರೆಸಿದವನೇ ಈಶ್ವರಪ್ಪ. ಚಿತ್ರದುರ್ಗದ ಕಡೆಯ ಹಳ್ಳಿಯಿಂದ ಒಂದು ಟ್ರಂಕು ಹಿಡಿದು, ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ ಹುಡುಗನಿಗೆ ಕಿದ್ವಾಯಿ ನಗರದ ತನ್ನ ಸರ್ಕಾರಿ ಕ್ವಾರ್ಟರ್ಸಿನ ವರಾಂಡದಲ್ಲಿ ಜಾಗ ಕೊಟ್ಟ. ಬಿದಿರಿನ ತಡಿಕೆ ಕಟ್ಟಿದ ಆ ವರಾಂಡದಲ್ಲಿ ಗಂಡ ಹೆಂಡತಿ ಒಂದು ವರ್ಷ ಕಳೆದರು. ಓಖ್ಲಾದ ಪೇಂಟ್ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸ ಹುಡುಕಿಕೊಟ್ಟವನೂ ಈಶ್ವರಪ್ಪನೇ. ಹಿಂದಿ ಕಲಿಸಿದ, ಬಸ್ಸಿನ ನಂಬರು ಕಲಿಸಿದ, ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವುದು ಕಲಿಸಿದ. ಇಷ್ಟೆಲ್ಲ ಕಲಿತ ಹುಡುಗ ಒಂದು ದಿನ ಶಾರ್ಜಾದ ವಿಮಾನ ಹತ್ತಿದ. ಅಲ್ಲೂ ಪೇಂಟ್ ಗೋದಾಮೇ, ಅಲ್ಲೂ ಡಬ್ಬಿ ಎಣಿಸುವ ಕೆಲಸವೇ. ಆದರೆ ಸಂಬಳ ಮಾತ್ರ ದಿರ್ಹಮ್ಮಿನಲ್ಲಿ.

ಈಶ್ವರಪ್ಪ ಇದ್ದಲ್ಲೇ ಇದ್ದ. ಅದೇ ಕೇಂದ್ರ ಸರ್ಕಾರದ ಆಫೀಸು, ಅದೇ ಸೆಕ್ಷನ್ನು, ಒಂದು ಕಾಲು ಕುಂಟುವ ಅದೇ ಕುರ್ಚಿ. ಎದುರಿಗಿದ್ದ ಅಧಿಕಾರಿಗಳು ಬದಲಾದರು, ಫ್ಯಾನು ಬದಲಾಯಿತು, ಅವನು ಬದಲಾಗಲಿಲ್ಲ. ನಿವೃತ್ತಿಗೆ ಇನ್ನು ಕೆಲವೇ ವರ್ಷ. ನಿವೃತ್ತಿಯಾದರೆ ಕ್ವಾರ್ಟರ್ಸ್ ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗುವುದು ಎಂದು ರತ್ನಮ್ಮ ಕೇಳಿದಾಗಲೆಲ್ಲ ಅವನು ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಅತ್ತ ತಿಪ್ಪೇಸ್ವಾಮಿ ದ್ವಾರಕಾದ ಒಂದು ಸೊಸೈಟಿಯಲ್ಲಿ ಫ್ಲ್ಯಾಟಿಗೆ ಕಂತು ಕಟ್ಟುತ್ತಿದ್ದ. ಮೂರು ಬೆಡ್‌ರೂಮು, ಎರಡು ಬಾಲ್ಕನಿ. ಒಂದು ಬಾಲ್ಕನಿಯ ಅಳತೆ ಈಶ್ವರಪ್ಪನ ಇಡೀ ವರಾಂಡದಷ್ಟು. ಇದನ್ನು ನಾಗವೇಣಿ ಹೇಳಿರಲಿಲ್ಲ, ಈಶ್ವರಪ್ಪನೇ ನಕ್ಷೆ ತರಿಸಿಕೊಂಡು ನೋಡಿ ಲೆಕ್ಕ ಹಾಕಿದ್ದ.

ಆದರೆ ಒಂದು ವಿಷಯದಲ್ಲಿ ಈಶ್ವರಪ್ಪ ಇನ್ನೂ ಮೇಲಿದ್ದ. ತಿಪ್ಪೇಸ್ವಾಮಿ ಅವನನ್ನು ಕೇಳದೆ ಏನೂ ಮಾಡುತ್ತಿರಲಿಲ್ಲ. ಅವರ ಕಡೆ ಅದು ಪದ್ಧತಿ. ಎತ್ತು ಕೊಳ್ಳಲಿ, ಹೆಣ್ಣು ತರಲಿ, ಬಾವಿ ತೋಡಿಸಲಿ, ಮನೆತನದ ಹಿರಿಯನ ಮುಂದೆ ಕೂತು ಒಂದು ಮಾತು ಕೇಳಬೇಕು. ಶಾರ್ಜಾಕ್ಕೆ ಹೋಗುವ ಮುಂಚೆ ಕೇಳಿದ. ಫ್ಲ್ಯಾಟಿಗೆ ದುಡ್ಡು ಕಟ್ಟುವ ಮುಂಚೆ ಕೇಳಿದ. ಮಗನನ್ನು ಯಾವ ಶಾಲೆಗೆ ಸೇರಿಸಲಿ ಎಂದು ಫೋನಿನಲ್ಲಿ ಕೇಳಿದ. ಹಾಗೆ ಕೇಳಿದಾಗ ಈಶ್ವರಪ್ಪ ಗಂಟಲು ಸರಿಮಾಡಿಕೊಂಡು, ಈ ಕಡೆಯಿಂದ ಆ ಕಡೆಯಿಂದ ಮೂರು ನಿಯಮ ಹೇಳಿ, ಎಲ್ಲದರ ಝೆರಾಕ್ಸ್ ಇಟ್ಟುಕೋ ಎಂದು ಎಚ್ಚರಿಸಿ, ಕೊನೆಗೆ ಒಪ್ಪಿಗೆ ಕೊಡುತ್ತಿದ್ದ. ಆ ಹೊತ್ತು ಅವನಿಗೆ ಎರಡು ಬಾಲ್ಕನಿಯೂ ಮರೆತುಹೋಗುತ್ತಿತ್ತು. ಉಳಿದದ್ದೆಲ್ಲ ಅವನಿಗೆ ಹೋಗಲಿ, ಈ ಕೇಳುವುದೊಂದು ತನ್ನದು ಎಂದುಕೊಂಡಿದ್ದ.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ ತಿಪ್ಪೇಸ್ವಾಮಿ ರಜೆಗೆ ಬಂದ. ಭಾನುವಾರ ಹೆಂಡತಿಯ ಜೊತೆ ಕಿದ್ವಾಯಿ ನಗರಕ್ಕೆ ಬಂದವನು ಖರ್ಜೂರ, ಸೋಪು, ಟಾರ್ಚು ಎಲ್ಲ ರತ್ನಮ್ಮನ ಕೈಗೆ ಕೊಟ್ಟು, ಕ್ವಾರ್ಟರ್ಸಿನ ಹಿಂದಿನ ಹುಲ್ಲಿನ ಮೇಲೆ ಷಡ್ಡಕನ ಪಕ್ಕ ಬಿಸಿಲಿಗೆ ಕೂತ. ನಡುವೆ ಪೇಪರಿನ ಮೇಲೆ ಹುರಿದ ಕಡಲೆಕಾಯಿ. ಒಳಗೆ ಅಕ್ಕ ತಂಗಿ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ತಿಪ್ಪೇಸ್ವಾಮಿಯ ತಲೆ ಅರ್ಧ ಬೆಳ್ಳಗಾಗಿತ್ತು, ಸೊಂಟಕ್ಕೆ ಬೆಲ್ಟು ಬಿಗಿದಿದ್ದ. ಡಬ್ಬಿ ಎತ್ತಿ ಎತ್ತಿ ನೋವು ಎಂದ. ಹೊಸ ಮ್ಯಾನೇಜರು ಬಂದಿದ್ದಾನೆ, ಗೋದಾಮನ್ನು ಬೇರೆಯವರಿಗೆ ವಹಿಸುವ ಮಾತು ನಡೆಯುತ್ತಿದೆ ಎಂದ. ಸ್ವಲ್ಪ ಹೊತ್ತು ಕಡಲೆಕಾಯಿ ಬಿಡಿಸಿ, ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿ, ಬಂದ ವಿಷಯಕ್ಕೆ ಬಂದ.

"ಅಣ್ಣಾ, ಇನ್ನು ಸಾಕು ಅನ್ನಿಸಿದೆ. ರಾಜೀನಾಮೆ ಕೊಟ್ಟು ಬಂದುಬಿಡೋಣ ಅಂತ. ಕಂಪನಿಯಿಂದ ಸರ್ವಿಸ್ ದುಡ್ಡು ಬರುತ್ತೆ. ಅದು ಬಂದರೆ ಫ್ಲ್ಯಾಟಿನ ಕೊನೇ ಕಂತು ಮುಗಿಯುತ್ತೆ. ನಿಮ್ಮನ್ನ ಒಂದು ಮಾತು ಕೇಳದೆ ಹೇಗೆ?"

ಸರ್ವಿಸ್ ದುಡ್ಡು ಎಂದರೆ ಎಷ್ಟು ಎಂದು ಈಶ್ವರಪ್ಪ ಕೇಳಿದ. ತಿಪ್ಪೇಸ್ವಾಮಿ ಸಂಕೋಚದಿಂದಲೇ ಹೇಳಿದ. ಈಶ್ವರಪ್ಪನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ನಿಂತಿತು. ಮೂವತ್ತು ಚಿಲ್ಲರೆ ವರ್ಷ ಕುರ್ಚಿ ಸವೆಸಿದ ಮೇಲೆ ಸರ್ಕಾರ ತನಗೆ ಕೊಡುವ ಗ್ರಾಚ್ಯುಯಿಟಿ ಎಷ್ಟೆಂದು ಅವನಿಗೆ ಬಾಯಿಪಾಠವಿತ್ತು. ಡಬ್ಬಿ ಎಣಿಸಿದವನಿಗೆ ಅದಕ್ಕಿಂತ ಮೇಲೆ.

"ನಿಮಗೇನಣ್ಣ," ಎಂದ ತಿಪ್ಪೇಸ್ವಾಮಿ, ಅವನ ಮುಖ ನೋಡಿ. "ಇರೋವರೆಗೂ ಪೆನ್ಷನ್ನು, ಆಮೇಲೆ ಅಕ್ಕನಿಗೂ ಬರುತ್ತೆ. ನಮಗೆ ಅಲ್ಲಿ ಒಂದೇ ಸಲ ಕೊಟ್ಟು ಕೈ ತೊಳ್ಕೋತಾರೆ. ಆಮೇಲೆ ಸತ್ತಿದೀಯಾ ಬದುಕಿದೀಯಾ ಅಂತ ಕೇಳೋರಿಲ್ಲ."

ಈ ಮಾತು ಈಶ್ವರಪ್ಪನ ಕಿವಿಗೆ ಬೀಳಲಿಲ್ಲ. ಅವನ ತಲೆಯಲ್ಲಿ ಆಗ ಬೇರೊಬ್ಬ ಮನುಷ್ಯ ಬಂದು ನಿಂತಿದ್ದ. ಅವರ ಆಫೀಸಿನಲ್ಲಿ ಅನಂತಮೂರ್ತಿ ಎಂಬ ಸ್ಟೆನೋ ಇದ್ದ. ಅಧಿಕಾರಿಯ ಜೊತೆ ಜಗಳವಾಡಿ, ಸಿಟ್ಟಿನ ಭರದಲ್ಲಿ ರಾಜೀನಾಮೆ ಗೀಚಿ ಮೇಜಿನ ಮೇಲೆ ಎಸೆದು ಹೋದ. ಸಿಟ್ಟು ಇಳಿದ ಮೇಲೆ ದುಡ್ಡು ಕೇಳಲು ಬಂದರೆ ಪೆನ್ಷನ್ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಸರ್ಕಾರಿ ನಿಯಮದಲ್ಲಿ ರಾಜೀನಾಮೆ ಕೊಟ್ಟವನ ಹಿಂದಿನ ಸೇವೆ ಪೂರ್ತಿ ಅಳಿಸಿಹೋಗುತ್ತದೆ. ಬಿಡಬೇಕೆಂದರೆ ಇಪ್ಪತ್ತು ವರ್ಷ ತುಂಬಿಸಿ ಸ್ವಯಂ ನಿವೃತ್ತಿ ಎಂದು ಬರೆಯಬೇಕು. ಅನಂತಮೂರ್ತಿ ಆಮೇಲೆ ಇನ್ಶೂರೆನ್ಸ್ ಮಾಡಿಸಿ ಎಂದು ಅದೇ ಆಫೀಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಅಂದಿನಿಂದ ಆ ಸೆಕ್ಷನ್ನಿನಲ್ಲಿ ರಾಜೀನಾಮೆ ಎಂಬ ಮಾತನ್ನು ಯಾರೂ ತಮಾಷೆಗೂ ಆಡುತ್ತಿರಲಿಲ್ಲ.

ದೇಶ ಬೇರೆಯಾದರೇನು, ನೌಕರಿ ನೌಕರಿಯೇ, ರಾಜೀನಾಮೆ ರಾಜೀನಾಮೆಯೇ. ಈಶ್ವರಪ್ಪನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಈ ಪೆದ್ದ ರಾಜೀನಾಮೆ ಬರೆದುಕೊಟ್ಟರೆ ಶಾರ್ಜಾದ ಅಷ್ಟೂ ವರ್ಷ ನೀರಲ್ಲಿ ಹೋಮ. ಬೇಡ ಎಂದು ಬಾಯಿಗೆ ಬಂತು. ನಾಲಿಗೆಯ ತುದಿಗೇ ಬಂತು. ಅಷ್ಟರಲ್ಲಿ ಒಳಗಿನಿಂದ ನಾಗವೇಣಿಯ ದನಿ ಕೇಳಿಸಿತು. ಅಕ್ಕಾ, ನಮ್ಮ ಹೊಸ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಿಂತೇ ರೊಟ್ಟಿ ಬಡಿಯಬಹುದು, ಕಲ್ಲು ಅಷ್ಟು ಅಗಲ ಇದೆ ಎನ್ನುತ್ತಿದ್ದಳು.

"ಕೊಟ್ಟುಬಿಡು," ಎಂದ ಈಶ್ವರಪ್ಪ.

ತಿಪ್ಪೇಸ್ವಾಮಿ ತಲೆಯೆತ್ತಿ ಒಂದು ಗಳಿಗೆ ಅವನನ್ನೇ ನೋಡಿದ. ನಿಯಮಗಳಿಗೆ ಕಾದನೋ, ಝೆರಾಕ್ಸ್ ಮಾತಿಗೆ ಕಾದನೋ. ಈಶ್ವರಪ್ಪ ಕಡಲೆಕಾಯಿ ಬಾಯಿಗೆ ಹಾಕಿಕೊಂಡ. ಆಯ್ತಣ್ಣ ಎಂದು ತಿಪ್ಪೇಸ್ವಾಮಿ ಸಿಪ್ಪೆಯನ್ನು ಪೇಪರಿನಲ್ಲಿ ಮಡಚಿಕೊಂಡು ಎದ್ದ.

ಅಂದು ಈಶ್ವರಪ್ಪ ಮೊದಲ ಬಾರಿಗೆ ಹುಲಿ ಕಂಬಳಿ ಹೊದ್ದು ಮಲಗಿದ. ಬೆಚ್ಚಗೆ ಬೆಳಗಿನವರೆಗೂ ನಿದ್ದೆ ಬಂತು. ರತ್ನಮ್ಮ ಆಶ್ಚರ್ಯಪಟ್ಟಳು. ಸೋಮವಾರ ಆಫೀಸಿನಿಂದ ಬರುವಾಗ ಅವನು ಸಮೋಸಾ ತಂದ. ಮಗಳು ಪ್ರಕೃತಿ, ಅಪ್ಪಾ ಪ್ರಮೋಷನ್ ಮಿಲಾ ಕ್ಯಾ ಎಂದು ಹಿಂದಿಯಲ್ಲಿ ಕೇಳಿ ನಕ್ಕಳು.

ಆ ಸುಖ ಹೆಚ್ಚು ದಿನ ಬಾಳಲಿಲ್ಲ. ತಿಪ್ಪೇಸ್ವಾಮಿ ಶಾರ್ಜಾಕ್ಕೆ ಹಿಂದಿರುಗಿದ. ಸ್ವಲ್ಪ ದಿನಕ್ಕೆ ರತ್ನಮ್ಮ, ಅವರು ಬಿಡುವುದು ಖಾಯಂ ಆಯಿತಂತೆ, ನೋಟೀಸಿನ ದಿನ ಮುಗಿಸಿ ಬರುತ್ತಾರಂತೆ ಎಂದಳು. ಸೊಸೈಟಿಯವರು ಕೊನೆಯ ಕಂತಿಗೆ ಗಡುವು ಕೊಟ್ಟಿದ್ದಾರೆ, ಸರ್ವಿಸ್ ದುಡ್ಡು ಸರಿಯಾದ ಹೊತ್ತಿಗೆ ಬಂದರೆ ಸಾಕು ಎಂದು ನಾಗವೇಣಿ ದೇವರಿಗೆ ಹರಕೆ ಹೊತ್ತಿದ್ದಾಳೆ ಎಂದಳು. ಈಶ್ವರಪ್ಪ ಅರ್ಧ ಊಟಕ್ಕೇ ಎದ್ದ. ಕಂಬಳಿ ಸೆಕೆ ಎನ್ನಿಸತೊಡಗಿತು. ಮತ್ತೆ ರಜಾಯಿಗೆ ಹೋದ.

ಒಂದು ಭಾನುವಾರ ಅವನು ಷಡ್ಡಕನ ಶಾರ್ಜಾ ನಂಬರು ಜೇಬಿನಲ್ಲಿಟ್ಟುಕೊಂಡು ಮಾರ್ಕೆಟ್ಟಿನ ಫೋನ್ ಬೂತಿಗೆ ಹೋದ. ಮನೆಯ ಫೋನಿನಿಂದ ಹೊರದೇಶಕ್ಕೆ ಮಾತಾಡಲು ಬರುತ್ತಿರಲಿಲ್ಲ. ಹೇಳಬೇಕಾದದ್ದು ಇಷ್ಟೇ. ರಾಜೀನಾಮೆ ವಾಪಸ್ ತಗೋ, ಅವರೇ ತೆಗೆದುಹಾಕಲಿ, ಇಲ್ಲದಿದ್ದರೆ ಕೈಗೆ ಚಿಪ್ಪು. ಬೂತಿನಲ್ಲಿ ಒಬ್ಬಳು ಹೆಂಗಸು ಮಾತಾಡುತ್ತಿದ್ದಳು. ಈಶ್ವರಪ್ಪ ಹೊರಗೆ ನಿಂತ. ನಿಂತವನಿಗೆ ನಕ್ಷೆ ನೆನಪಾಯಿತು, ಬಾಲ್ಕನಿ ನೆನಪಾಯಿತು, ತನ್ನ ಟ್ರಂಕುಗಳನ್ನು ಟೆಂಪೋದಲ್ಲಿ ಹೇರಿಕೊಂಡು ಯಾವುದೋ ಬಾಡಿಗೆ ಮನೆ ಹುಡುಕುವ ದಿನ ಕಣ್ಣ ಮುಂದೆ ಬಂತು. ಅವನೂ ಸ್ವಲ್ಪ ನೋಡಲಿ, ಬಾಡಿಗೆ ಮನೆಯ ರುಚಿ ನನಗೊಬ್ಬನಿಗೇ ಯಾಕೆ. ಹೆಂಗಸು ಹೊರಗೆ ಬಂದಳು, ಬೂತಿನವನು ಬನ್ನಿ ಎಂದ. ಈಶ್ವರಪ್ಪ ಒಂದು ಪೊಟ್ಟಣ ಬೀಡಿ ಕೊಂಡು ಮನೆಗೆ ನಡೆದ. ಅವನು ಬೀಡಿ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮಾರ್ಚ್ ಮುಗಿಯುವ ಮುಂಚೆ ತಿಪ್ಪೇಸ್ವಾಮಿ ಬಂದ. ದುಡ್ಡೂ ಬಂದಿತ್ತು, ಹೇಳಿದಷ್ಟೂ ಬಂದಿತ್ತು. ಕೊನೆಯ ಕಂತು ಕಟ್ಟಿ ಬೀಗದ ಕೈ ತೆಗೆದುಕೊಂಡರು. ರತ್ನಮ್ಮ ಫೋನ್ ಇಟ್ಟು ಸಂತೋಷದಿಂದ ಕಣ್ಣೊರೆಸಿಕೊಳ್ಳುತ್ತ ಇದನ್ನೆಲ್ಲ ಹೇಳಿದಾಗ ಈಶ್ವರಪ್ಪ ಅವಳ ಮೇಲೆ ರೇಗಿದ. ಯಾಕೆ ರೇಗಿದೆನೆಂದು ಅವನಿಗೂ ಗೊತ್ತಾಗಲಿಲ್ಲ. ಷಡ್ಡಕ ಹಾಳಾಗಲಿಲ್ಲ ಎಂಬ ಸಮಾಧಾನ ಒಂದು ಕಡೆ ಇತ್ತು. ಹಾಳಾಗಲಿಲ್ಲವಲ್ಲ ಎಂಬ ಸಂಕಟ ಅದರ ಪಕ್ಕದಲ್ಲೇ ಕೂತಿತ್ತು. ರಾಜೀನಾಮೆ ಕೊಟ್ಟವನಿಗೆ ಪೂರ್ತಿ ದುಡ್ಡು ಹೇಗೆ ಬಂತು ಎಂದು ಯಾರನ್ನು ಕೇಳುವುದು?

ಗೃಹಪ್ರವೇಶ ಮೇ ತಿಂಗಳಲ್ಲಿ. ಬಸ್ಸು ಹಿಡಿದು, ಮೆಟ್ರೋ ಹಿಡಿದು ದ್ವಾರಕಾ ಮುಟ್ಟುವ ಹೊತ್ತಿಗೆ ಈಶ್ವರಪ್ಪನ ಅಂಗಿ ಬೆನ್ನಿಗೆ ಅಂಟಿತ್ತು. ದೆಹಲಿಯ ಕನ್ನಡದವರು ಎಲ್ಲ ಕಡೆಯಿಂದ ಬಂದಿದ್ದರು. ಅವನು ಮೊದಲು ನೋಡಿದ್ದು ಬಾಲ್ಕನಿಯನ್ನೇ. ನಕ್ಷೆಯಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಪೂಜೆ ಮುಗಿದ ಮೇಲೆ ತಿಪ್ಪೇಸ್ವಾಮಿ ಅವನನ್ನು ಮಣೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ಹೆಂಡತಿಯ ಜೊತೆ ಕಾಲಿಗೆ ಬಿದ್ದ. ಬಂದವರೆಲ್ಲ ಕೇಳುವ ಹಾಗೆ, ಅಣ್ಣ ರಾಜೀನಾಮೆ ಕೊಡು ಅಂದರು, ಕೊಟ್ಟೆ, ಇವತ್ತು ಈ ಮನೆ ಎಂದ. ಜನ ಹೌದೌದು ಎಂದು ತಲೆಯಾಡಿಸಿದರು. ಶಾಲಿನೊಳಗೆ ಈಶ್ವರಪ್ಪನ ಮೈ ಉರಿಯುತ್ತಿತ್ತು.

ಆ ಮಾತಿನ ಫಲ ಊಟದ ಹೊತ್ತಿಗೆ ಬಂತು. ಮಯೂರ್ ವಿಹಾರದ ಸೀತಮ್ಮ ಅವನ ಪಕ್ಕದಲ್ಲಿ ಬಂದು ಕೂತಳು. ಗಂಡ ಇಲ್ಲ. ಹಪ್ಪಳ ಸಂಡಿಗೆ ಮಾಡಿ ಕನ್ನಡದವರ ಮನೆಗಳಿಗೆ ಕೊಟ್ಟು ಮಗನನ್ನು ಓದಿಸಿದವಳು. ಆ ಮಗ ಅನೂಪ್ ಈಗ ನಾಲ್ಕು ವರ್ಷದಿಂದ ಶಾರ್ಜಾದ ಒಂದು ಕಂಪನಿಯಲ್ಲಿದ್ದಾನೆ. ಗುರ್‌ಗಾಂವಿನಲ್ಲಿ ಒಂದು ಕೆಲಸ ಸಿಗುವ ಹಾಗಿದೆಯಂತೆ, ಬಿಟ್ಟು ಬರಲೇ ಎನ್ನುತ್ತಿದ್ದಾನಂತೆ. ಅವಳು ದನಿ ತಗ್ಗಿಸಿ ಕೇಳಿದಳು.

"ತಿಪ್ಪೇಸ್ವಾಮಿಗೆ ಹೇಳಿದ ಹಾಗೆ ನನ್ನ ಮಗನಿಗೂ ನೀವೇ ಹೇಳಿಬಿಡಿ. ಕೊಡು ಅನ್ನಲೋ ಬೇಡ ಅನ್ನಲೋ? ನೀವು ಅಂದ ಹಾಗೆ."

ಈಶ್ವರಪ್ಪ ಗಂಟಲು ಸರಿಮಾಡಿಕೊಂಡ. ಇಂಥ ಪ್ರಶ್ನೆಗೆ ಗೊತ್ತಿಲ್ಲ ಎಂದು ಅವನು ಹುಟ್ಟಿದಾಗಿನಿಂದ ಹೇಳಿದವನಲ್ಲ. ಕೊಡು ಅಂದದ್ದು ತಿಪ್ಪೇಸ್ವಾಮಿಗೆ ಒಳ್ಳೆಯದಾಯಿತು. ಆದರೆ ಯಾಕೆ ಒಳ್ಳೆಯದಾಯಿತು? ಸೀತಮ್ಮನ ಬೆರಳುಗಳನ್ನು ನೋಡಿದ. ಹಪ್ಪಳದ ಹಿಟ್ಟು ಒತ್ತಿ ಒತ್ತಿ ಗೆಣ್ಣು ಊದಿದ್ದವು. ಷಡ್ಡಕನ ವಿಷಯದಲ್ಲಿ ಅಷ್ಟು ಸುಲಭವಾಗಿ ಹೊರಟ ಮಾತು ಇವಳ ಮುಂದೆ ಹೊರಡಲಿಲ್ಲ.

"ನನಗೆ ಗೊತ್ತಿಲ್ಲ," ಎಂದ. ಆಮೇಲೆ ಹಲ್ಲು ಕೀಳಿಸಿಕೊಂಡವನ ಹಾಗೆ, "ತಿಪ್ಪೇಸ್ವಾಮಿನ ಕೇಳಿ," ಎಂದ.

ಹೋಳಿಗೆ ಬಡಿಸುತ್ತಿದ್ದ ತಿಪ್ಪೇಸ್ವಾಮಿಯನ್ನು ಸೀತಮ್ಮ ಅಲ್ಲೇ ನಿಲ್ಲಿಸಿದಳು. ಅವನು ತಟ್ಟೆ ಕೆಳಗಿಟ್ಟು, ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದ. ಅಲ್ಲಿ ಪೆನ್ಷನ್ ಎಂಬುದಿಲ್ಲ. ಬಿಡುವಾಗ ಒಂದೇ ಗಂಟು. ಮೊದಲ ಐದು ವರ್ಷದವರೆಗೆ ವರ್ಷಕ್ಕೆ ಇಪ್ಪತ್ತೊಂದು ದಿನದ ಸಂಬಳ, ಅದರ ಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ. ಅದೂ ಕೊನೆಯ ಮೂಲ ಸಂಬಳದ ಮೇಲೆ. ಮನೆ ಬಾಡಿಗೆ, ಓಡಾಟದ ದುಡ್ಡು ಎಂದು ಕೊಡುವುದೆಲ್ಲ ಲೆಕ್ಕಕ್ಕಿಲ್ಲ, ಎಷ್ಟೋ ಜನ ಇದನ್ನು ತಿಳಿಯದೆ ಕೊನೆಗೆ ಬಾಯಿ ಬಡಿದುಕೊಳ್ಳುತ್ತಾರೆ. ಐದು ವರ್ಷ ತುಂಬಿದವನು ತಾನಾಗಿ ರಾಜೀನಾಮೆ ಕೊಟ್ಟರೂ ಪೂರ್ತಿ ಸಿಗುತ್ತದೆ. ತುಂಬುವ ಮುಂಚೆ ತಾನಾಗಿ ಬಿಟ್ಟರೆ ಕತ್ತರಿ ಬೀಳುತ್ತದೆ, ಕಾಂಟ್ರ್ಯಾಕ್ಟ್ ಇಷ್ಟೇ ವರ್ಷ ಎಂದು ಅವಧಿ ಗೊತ್ತುಮಾಡಿದ್ದಾದರೆ ಏನೂ ಸಿಗದೆಯೂ ಹೋಗಬಹುದು. ಅನೂಪನ ಕಾಂಟ್ರ್ಯಾಕ್ಟ್ ಯಾವ ಥರದ್ದು ಎಂದು ಮೊದಲು ಅಲ್ಲಿನ ಲೇಬರ್ ಆಫೀಸಿನಲ್ಲಿ ಕೇಳಲಿ, ಆಗುವುದಾದರೆ ಐದು ತುಂಬಿಸಿಯೇ ಬರಲಿ ಎಂದ.

ಸೀತಮ್ಮ ಕೈಮುಗಿದಳು. ಸುತ್ತ ಕೂತವರು ಊಟ ಬಿಟ್ಟು ಕೇಳುತ್ತಿದ್ದರು. ಒಬ್ಬೊಬ್ಬರೂ ದುಬೈಯಲ್ಲಿರುವ ಅಳಿಯ, ಅಬುಧಾಬಿಯ ತಮ್ಮ ಎಂದು ಶುರುಮಾಡಿದರು. ಶಾಲು ಹೊದ್ದ ಈಶ್ವರಪ್ಪನ ಎಲೆಗೆ ಹೋಳಿಗೆ ಬಿದ್ದಿಲ್ಲ ಎಂದು ಯಾರೂ ಗಮನಿಸಲಿಲ್ಲ. ಅವನು ಎದ್ದು ಕೈ ತೊಳೆದುಕೊಂಡು ಬಾಲ್ಕನಿಗೆ ಹೋಗಿ ನಿಂತ.

ಸ್ವಲ್ಪ ಹೊತ್ತಿಗೆ ತಿಪ್ಪೇಸ್ವಾಮಿ ಹೋಳಿಗೆ ತಟ್ಟೆ ಹಿಡಿದುಕೊಂಡು ಅಲ್ಲಿಗೇ ಬಂದ. ಯಾಕಣ್ಣ ಊಟ ಬಿಟ್ಟು ಎದ್ದಿರಿ ಎಂದ. ಆ ವಿನಯ ಕಂಡು ಈಶ್ವರಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ನಮ್ಮ ಆಫೀಸಲ್ಲಿ ರಾಜೀನಾಮೆ ಕೊಟ್ಟರೆ ಒಂದು ಕಾಸೂ ಸಿಗಲ್ಲ. ನಿನಗೂ ಸಿಗಲ್ಲ ಅಂತ ತಿಳ್ಕೊಂಡೇ ಕೊಡು ಅಂದೆ. ಈಗ ಈ ಶಾಲು ತಗೋ," ಎಂದು ಶಾಲನ್ನು ಬಾಲ್ಕನಿಯ ಕಂಬಿಯ ಮೇಲೆ ಎಸೆದ.

ತಿಪ್ಪೇಸ್ವಾಮಿ ತಟ್ಟೆಯನ್ನು ಕೆಳಗಿಟ್ಟ. ಶಾಲು ಕೆಳಗಿನ ಅಂಗಳಕ್ಕೆ ಜಾರದ ಹಾಗೆ ಹಿಡಿದು ಮಡಚಿದ. ಮಡಚುವುದಕ್ಕೆ ಬಹಳ ಹೊತ್ತು ತೆಗೆದುಕೊಂಡ.

"ಗೊತ್ತಾಗಿತ್ತಣ್ಣ. ನೀವು ಯಾವತ್ತೂ ಒಂದೇ ಮಾತಲ್ಲಿ ಹೇಳಿದವರಲ್ಲ. ಝೆರಾಕ್ಸ್ ಇಟ್ಕೋ ಅಂತಾನೂ ಅನ್ನಲಿಲ್ಲ."

"ಗೊತ್ತಾಗಿ ಯಾಕೆ ಕೊಟ್ಟೆ?"

"ಇಲ್ಲಿಗೆ ಬರೋ ಮುಂಚೇನೇ ಕೊಟ್ಟಿದ್ದೆ. ಲೇಬರ್ ಆಫೀಸಲ್ಲಿ ಎಲ್ಲ ವಿಚಾರಿಸಿಕೊಂಡೇ ಬಂದಿದ್ದೆ. ಹಿರಿಯರನ್ನ ಒಂದು ಮಾತು ಕೇಳಬೇಕಲ್ಲ, ಕೇಳಿದೆ."

ಈಶ್ವರಪ್ಪನಿಗೆ ಫೋನ್ ಬೂತಿನ ಹೊರಗೆ ನಿಂತದ್ದು, ಬೀಡಿ, ಅರ್ಧಕ್ಕೆ ಬಿಟ್ಟ ಊಟ ಎಲ್ಲ ಒಟ್ಟಿಗೆ ನೆನಪಾದವು. ಅವನು ಮಾಡಿದೆನೆಂದುಕೊಂಡ ಕೆಡುಕು ಕೂಡ ಅವನ ಕೈಯಿಂದ ಆಗಿರಲಿಲ್ಲ. ಹಾಗಾದರೆ ಎಲ್ಲರ ಮುಂದೆ ಅದ್ಯಾಕೆ ಹಾಗಂದೆ ಎಂದು ಕೇಳಿದ. ಇನ್ಯಾರ ಹೆಸರು ಹೇಳಲಿ, ನಿಮ್ಮ ವರಾಂಡದಲ್ಲಿ ಒಂದು ವರ್ಷ ಮಲಗಿದವನು ನಾನು ಎಂದ ತಿಪ್ಪೇಸ್ವಾಮಿ. ಆಮೇಲೆ ಶಾಲನ್ನು ಅವನ ಹೆಗಲ ಮೇಲೆ ಇಟ್ಟು, ಮುಖ ನೋಡದೆ ಹೇಳಿದ.

"ಆದ್ರೆ ಇನ್ನು ಮುಂದೆ ಕೇಳಲ್ಲ ಅಣ್ಣಾ."

ಒಳಗಿನಿಂದ ಯಾರೋ ಕರೆದರು. ಅವನು ಹೋದ.

ಆ ವರ್ಷ ಚಳಿ ಬೇಗ ಬಂತು. ತಿಪ್ಪೇಸ್ವಾಮಿ ಹೆಂಡತಿಯ ಜೊತೆ ಒಂದು ಭಾನುವಾರ ಕಿದ್ವಾಯಿ ನಗರಕ್ಕೆ ಬಂದ. ಮಾತು, ನಗು, ಕಾಲಿಗೆ ಬೀಳುವುದು ಯಾವುದೂ ಕಡಿಮೆಯಾಗಿರಲಿಲ್ಲ. ಕೈಯಲ್ಲಿ ಸಿಹಿ ಡಬ್ಬಿ ಇತ್ತು. ದ್ವಾರಕಾದ ಮಾರ್ಕೆಟ್ಟಿನಲ್ಲಿ ಪೇಂಟ್ ಅಂಗಡಿ ಹಾಕುತ್ತಿದ್ದಾನಂತೆ. ಜಾಗ ಹಿಡಿದಾಗಿದೆ, ಬೋರ್ಡು ಬರೆಸಿ ಆಗಿದೆ, ಮುಂದಿನ ಸೋಮವಾರ ಪೂಜೆ. ರತ್ನಮ್ಮ ಸಿಹಿ ಬಾಯಿಗೆ ಹಾಕಿಕೊಂಡು, ಅಂಗಡಿಯ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ ರೀ, ಹೇಳಲೇ ಇಲ್ಲ ಎಂದಳು. ಈಶ್ವರಪ್ಪ ಕಡಲೆಕಾಯಿ ಪೊಟ್ಟಣ ಹಿಡಿದು ಹಿಂದಿನ ಹುಲ್ಲಿನ ಕಡೆ ನಡೆದ.

ಇಬ್ಬರೂ ಹುಲ್ಲಿನ ಮೇಲೆ ಬಿಸಿಲಿಗೆ ಕೂತರು. ನಡುವೆ ಕಡಲೆಕಾಯಿ. ತಿಪ್ಪೇಸ್ವಾಮಿ ಬಾಡಿಗೆ ಎಷ್ಟೆಂದು ಹೇಳಿದ, ಯಾವ ಕಂಪನಿಯ ಮಾಲು ಇಡುತ್ತೇನೆಂದು ಹೇಳಿದ, ಸಿಪ್ಪೆಯನ್ನು ಎಂದಿನಂತೆ ಒಂದು ಕಡೆ ಗುಡ್ಡೆ ಮಾಡಿದ. ಈಶ್ವರಪ್ಪ ಕಾದ. ಬಾಡಿಗೆ ಜಾಸ್ತಿಯಾಯಿತೇ ಎಂದು ಕೇಳುತ್ತಾನೆಂದು ಕಾದ. ಪಾಲುದಾರ ಬೇಕೋ ಬೇಡವೋ ಎಂದಾದರೂ ಕೇಳಬಹುದು ಎಂದು ಕಾದ. ಕಡಲೆಕಾಯಿ ಮುಗಿಯುತ್ತಾ ಬಂತು.

"ಶಟರಿಗೆ ಎರಡು ಬೀಗ ಹಾಕ್ಸು," ಎಂದ ಈಶ್ವರಪ್ಪ ಕೊನೆಗೆ, ತಾನಾಗಿಯೇ.

"ಹಾಕ್ಸಿದೀನಿ ಅಣ್ಣಾ," ಎಂದ ತಿಪ್ಪೇಸ್ವಾಮಿ.